ಕಾರ್ಮಿಕರ ಕ್ಯಾನ್ಸರ್ ತಪಾಸಣೆ: ಅರ್ಧ ದಿನದ ರಜೆಯ ಲೆಕ್ಕ

ಹೊಸಪೇಟೆಯ ವರ್ತಕರು, ಸಂಡೂರಿನ ಗಣಿ ಗುತ್ತಿಗೆದಾರರು, ಕಂಪ್ಲಿಯ ಅಕ್ಕಿ ಗಿರಣಿ ಮಾಲೀಕರು, ಹಂಪಿಯ ಹೋಟೆಲು ಉದ್ಯಮಿಗಳು ಯಂತ್ರಕ್ಕೂ ದಾಸ್ತಾನಿಗೂ ತಪ್ಪದೆ ವಿಮೆ ಮಾಡಿಸುತ್ತಾರೆ. ಆದರೆ ನುರಿತ ಕೆಲಸಗಾರರ ಆರೋಗ್ಯದ ಕಡೆಗೆ ಗಮನ ಹರಿಯುವುದು ಅವರು ಹಾಸಿಗೆ ಹಿಡಿದ ಮೇಲೆಯೇ. ಕ್ಯಾನ್ಸರಿನ ವಿಷಯದಲ್ಲಿ ಈ ವಾಡಿಕೆ ಬಹಳ ದುಬಾರಿಯಾದುದು.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳನ್ನು ಜಾರಿಗೊಳಿಸಿದ ಕೇಂದ್ರ ಸರ್ಕಾರವು 40 ವರ್ಷ ಮೀರಿದ ಕಾರ್ಮಿಕರಿಗೆ ಮಾಲೀಕರು ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸಬೇಕೆಂದು ಸಾರಿತು. ರಕ್ತದೊತ್ತಡ ಮತ್ತು ಸಕ್ಕರೆ ಅಂಶ ನೋಡಿ ಕಡತ ಮುಚ್ಚಿದರೆ ಈ ತಪಾಸಣೆಯ ಉದ್ದೇಶ ಪೂರ್ಣವಾಗದು. ಬಾಯಿ, ಸ್ತನ ಮತ್ತು ಗರ್ಭಕಂಠದ ಪರೀಕ್ಷೆಗಳೂ ಅದರಲ್ಲಿ ಸೇರಬೇಕು. ಇವಕ್ಕೆ ದುಬಾರಿ ಉಪಕರಣ ಬೇಕಿಲ್ಲವೆಂಬುದನ್ನು ನಮ್ಮ ದೇಶದ ಸಂಶೋಧನೆಗಳೇ ತೋರಿಸಿಕೊಟ್ಟಿವೆ.

ಶುಶ್ರೂಷಕಿಯರು ಸಾಧಿಸಿದ್ದು

ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ 2000ನೆಯ ಇಸವಿಯಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ ತರಬೇತಿ ಪಡೆದ ಶುಶ್ರೂಷಕಿಯರು 30ರಿಂದ 59 ವರ್ಷದ ಮಹಿಳೆಯರ ಗರ್ಭಕಂಠವನ್ನು ಪರೀಕ್ಷಿಸಿದರು. ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲದ ತೆಳು ದ್ರಾವಣವನ್ನು ಲೇಪಿಸಿ ಒಂದು ನಿಮಿಷ ಕಾದರೆ, ಸಂಶಯಾಸ್ಪದ ಭಾಗವು ಬೆಳ್ಳಗೆ ಕಾಣುತ್ತದೆ. ಕ್ಯಾನ್ಸರಿಗೆ ಮುನ್ನಿನ ಹಂತದಲ್ಲಿದ್ದ ಅರ್ಹ ಮಹಿಳೆಯರಿಗೆ ಅದೇ ಭೇಟಿಯಲ್ಲಿ ಶುಶ್ರೂಷಕಿಯರೇ ಅತಿಶೀತ ಚಿಕಿತ್ಸೆಯನ್ನೂ ನೀಡಿದರು. ಒಂದೇ ಸುತ್ತಿನ ಈ ತಪಾಸಣೆಯಿಂದ ಗರ್ಭಕಂಠ ಕ್ಯಾನ್ಸರಿನ ಸಾವುಗಳು ಶೇ. 35ರಷ್ಟು ತಗ್ಗಿದವೆಂದು 2007ರಲ್ಲಿ ಪ್ರಕಟವಾದ ವರದಿ ತಿಳಿಸಿತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯು ಹತ್ತನೆಯ ತರಗತಿ ಓದಿದ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ನೀಡಿ ಎರಡು ವರ್ಷಗಳಿಗೊಮ್ಮೆ ಇದೇ ಪರೀಕ್ಷೆ ಮಾಡಿಸಿದಾಗ ಸಾವುಗಳು ಶೇ. 31ರಷ್ಟು ಇಳಿದವು.

ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ನಡೆದ ಅಧ್ಯಯನದಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ತೆರಳಿ ಜನರ ಬಾಯಿಯನ್ನು ಪರೀಕ್ಷಿಸಿದರು. ತಂಬಾಕು ಅಥವಾ ಮದ್ಯ ಬಳಸುತ್ತಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವುಗಳು ಶೇ. 34ರಷ್ಟು ಕಡಿಮೆಯಾದವು. ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು – ಇವು ಬೆಳಕು ಹಾಯಿಸಿ ನೋಡಿದರೆ ಕಾಣುವ ಚಿಹ್ನೆಗಳು.

ತಡವಾದರೆ ಆಗುವ ನಷ್ಟ

ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ನಾಡಿನ ಎಲ್ಲ ಭಾಗಗಳ ರೋಗಿಗಳಿಗೆ ಆಶ್ರಯ. ಹೊಸಪೇಟೆಯಿಂದ ಅಲ್ಲಿಗೆ ಸುಮಾರು 340 ಕಿ.ಮೀ. ವಿಕಿರಣ ಚಿಕಿತ್ಸೆ ವಾರಕ್ಕೆ ಐದು ದಿನದಂತೆ ಐದಾರು ವಾರ ನಡೆಯುವುದುಂಟು. ರೋಗಿಯ ಜೊತೆಗೆ ಮನೆಯವರೊಬ್ಬರು ನಿಲ್ಲಬೇಕು. ಒಂದು ಕುಟುಂಬದ ಎರಡು ದುಡಿಮೆಗಳು ಒಮ್ಮೆಗೇ ನಿಲ್ಲುತ್ತವೆ. ಇಎಸ್‌ಐ ವ್ಯಾಪ್ತಿಯ ಕಾರ್ಮಿಕರಿಗೆ, ಅರ್ಹತೆಯ ಷರತ್ತುಗಳಿಗೆ ಒಳಪಟ್ಟು, ಕ್ಯಾನ್ಸರಿನಂತಹ ದೀರ್ಘ ಕಾಯಿಲೆಗಳಲ್ಲಿ 2 ವರ್ಷಗಳವರೆಗೆ ವೇತನದ ಶೇ. 80ರಷ್ಟು ನೆರವು ದೊರೆಯುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸೆ ಲಭ್ಯ. ಆದರೆ ವಂತಿಗೆಯನ್ನೇ ಕಟ್ಟದ, ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಕೆಲಸಗಾರನಿಗೆ ಇಎಸ್‌ಐ ನೆರವು ಸಿಗಲಾರದು.

ಕೊರತೆ ಇರುವುದು ಸಮಯದ್ದು

ರಾಷ್ಟ್ರೀಯ ಮಾರ್ಗಸೂಚಿಯಂತೆ 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ಮೂರು ಪರೀಕ್ಷೆಗಳು ಉಚಿತ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ 30ರಿಂದ 49 ವರ್ಷದ ಮಹಿಳೆಯರಲ್ಲಿ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ಶೇ. 2ನ್ನೂ ಮುಟ್ಟಿರಲಿಲ್ಲ. ದಿಂಡಿಗಲ್ಲಿನಲ್ಲಿಯೂ ಆಹ್ವಾನಿತರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮಂದಿ ಬರಲಿಲ್ಲ. ದಿನಗೂಲಿಯವರಿಗೆ ಉಚಿತ ಪರೀಕ್ಷೆಯೂ ಒಂದು ದಿನದ ಕೂಲಿಯ ಬೆಲೆಗೆ ಬೀಳುತ್ತದೆ. ಈ ಅಡ್ಡಿಯನ್ನು ನಿವಾರಿಸುವ ಅಧಿಕಾರ ವೈದ್ಯರಿಗಿಲ್ಲ, ಮಾಲೀಕರಿಗಿದೆ.

ಆದ್ದರಿಂದ ಉದ್ದಿಮೆದಾರರು ಮಾಡಬಹುದಾದ ಕೆಲಸಗಳು ಇವು: ಸಮೀಪದ ಆರೋಗ್ಯ ಕೇಂದ್ರದೊಂದಿಗೆ ಮಾತನಾಡಿ ದಿನ ಗೊತ್ತುಪಡಿಸುವುದು, ಕೂಲಿ ಕಡಿತವಿಲ್ಲದೆ ಅರ್ಧ ದಿನ ಬಿಡುವು ಕೊಡುವುದು, ಮಹಿಳೆಯರಿಗೆ ಶುಶ್ರೂಷಕಿಯಿಂದಲೇ, ಮರೆಯಿರುವ ಕೋಣೆಯಲ್ಲಿ ಪರೀಕ್ಷೆ ಏರ್ಪಡಿಸುವುದು. ಫಲಿತಾಂಶವು ಕಾರ್ಮಿಕರ ಕೈಗೆ ಮಾತ್ರ ಸೇರಬೇಕು. ಕೆಲಸ ಹೋದೀತೆಂಬ ಭಯವಿದ್ದರೆ ಯಾರೂ ಮುಂದೆ ಬರಲಾರರು. ಸಂಶಯವಿದ್ದವರು ದೊಡ್ಡ ಆಸ್ಪತ್ರೆಗೆ ತಲುಪುವವರೆಗೆ ಬೆಂಬಲ ನೀಡುವುದೂ ಅಗತ್ಯ. ಮುಂದಿನ ಚಿಕಿತ್ಸೆಗೆ ದಾರಿ ಮಾಡದ ತಪಾಸಣೆ ಅರ್ಧಕ್ಕೆ ನಿಂತ ಲೆಕ್ಕಪರಿಶೋಧನೆಯಂತೆ ನಿರರ್ಥಕ.

ವರ್ತಕ ಸಮುದಾಯದ ಎದುರು ಇನ್ನೊಂದು ಪ್ರಶ್ನೆಯೂ ಇದೆ. 2016–17ರ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಮಂದಿ ತಂಬಾಕು ಬಳಸುತ್ತಿದ್ದರು. 2013ರಲ್ಲಿಯೇ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಆದರೂ ಪಾನ್ ಮಸಾಲ ಮತ್ತು ತಂಬಾಕಿನ ಪೊಟ್ಟಣಗಳು ಬೇರೆಬೇರೆಯಾಗಿ ಒಂದೇ ಅಂಗಡಿಯಲ್ಲಿ ತೂಗಾಡುತ್ತಿವೆ. ಗಲ್ಲಾಪೆಟ್ಟಿಗೆಗೆ ಬರುವ ಆ ಚಿಲ್ಲರೆ ಲಾಭದ ಎದುರು, ಅದೇ ಪೇಟೆಯ ಹಮಾಲರು ಮತ್ತು ಚಾಲಕರು ತೆರುವ ಬೆಲೆಯನ್ನೂ ಖರ್ಚಿನ ಕಡೆಗೆ ಬರೆಯಬೇಕಾಗುತ್ತದೆ.

ತುಂಗಭದ್ರೆಯ ಆಸುಪಾಸಿನ ಗಿರಣಿಗಳಲ್ಲಿ ಯಂತ್ರದ ದುರಸ್ತಿಗಾಗಿ ವರ್ಷದಲ್ಲಿ ಕೆಲವು ದಿನ ಕೆಲಸ ನಿಲ್ಲಿಸುವ ಪದ್ಧತಿ ಇದೆ. ಅದರಲ್ಲಿ ಒಂದು ಅರ್ಧ ದಿನವನ್ನು ಕಾರ್ಮಿಕರ ತಪಾಸಣೆಗೆ ಮೀಸಲಿಟ್ಟರೆ ಉದ್ದಿಮೆಗೆ ಹೊರೆಯಾಗದು. ಎಷ್ಟೋ ಕುಟುಂಬಗಳಿಗೆ ದುಡಿಯುವ ಕೈ ಉಳಿದೀತು.