ಹೊಗೆಯೂ ಆವಿಯೂ

ತಂಬಾಕನ್ನು ಒಳಗೆ ತೆಗೆದುಕೊಳ್ಳುವ ಬಗೆಗಳು ನಮ್ಮ ನಾಡಿನಲ್ಲಿ ಹಲವಾರು. ಸಿಂಧನೂರಿನ ಸುತ್ತಣ ಬತ್ತದ ಗದ್ದೆಗಳ ಬದುವಿನಲ್ಲಿ ಕುಳಿತು, ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕಿ, ತುಟಿಯ ಒಳಗೆ ಇರಿಸಿಕೊಳ್ಳುವವರಿದ್ದಾರೆ. ಲಿಂಗಸುಗೂರಿನ ಚಹದ ಅಂಗಡಿಯ ಮುಂದೆ ನಿಂತು ಸಿಗರೇಟು ಸೇದುವವರಿದ್ದಾರೆ. ಮಸ್ಕಿಯಲ್ಲಿ ಸಂತೆ ಮುಗಿಸಿ ಹೊರಡುವಾಗ ಬೀಡಿಯ ಕಟ್ಟೊಂದನ್ನು ಜೇಬಿಗಿಳಿಸುವವರಿದ್ದಾರೆ. ಎಲೆ ಅಡಿಕೆಯೊಡನೆ ಕಡ್ಡಿಪುಡಿ ಸೇರಿಸಿ ಮೆಲ್ಲುವ ಹೆಣ್ಣುಮಕ್ಕಳೂ ಇದ್ದಾರೆ. ಈ ಸಾಲಿಗೆ ಈಗ ಹೊಸದೊಂದು ಸೇರಿಕೊಂಡಿದೆ. ಬೆಂಕಿಯ ಹಂಗಿಲ್ಲದೆ ಆವಿಯನ್ನು ಹೊಮ್ಮಿಸುವ ಇ-ಸಿಗರೇಟು, ಆಡುಮಾತಿನಲ್ಲಿ ವೇಪ್. ಓದಿಗಾಗಿ ಬೆಂಗಳೂರಿಗೋ ಹೈದರಾಬಾದಿಗೋ ಹೋದ ತರುಣರಿಗೆ ಇದರ ಹೆಸರು ಹೊಸದಲ್ಲ.

ಇದನ್ನು ಕುರಿತು ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ ಎರಡು. ಸಿಗರೇಟಿನಿಂದ ಬರುವ ಅನುಭವಕ್ಕೂ ಇದರಿಂದ ಬರುವ ಅನುಭವಕ್ಕೂ ವ್ಯತ್ಯಾಸವೇನು ಎಂಬುದು ಮೊದಲನೆಯದು. ಗಂಟಲು ಕೆರೆಯುವುದಿಲ್ಲ, ಬಾಯಿ ನಾರುವುದಿಲ್ಲ, ಹಾಗಾದ ಮೇಲೆ ಇದು ನಿರಪಾಯಕಾರಿಯಲ್ಲವೆ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಸರಿಯಾದ ಉತ್ತರ ದೊರೆತರೆ ಎರಡನೆಯದರಲ್ಲಿ ಅಡಗಿರುವ ತಪ್ಪು ತಾನಾಗಿ ಬಯಲಾಗುತ್ತದೆ.

ಮಸ್ಕಿಯ ಬಂಡೆಗಲ್ಲಿನ ಶಾಸನದ ವಿಷಯ ಈ ಭಾಗದವರಿಗೆಲ್ಲ ತಿಳಿದದ್ದೇ. ದೇಶದ ನಾನಾ ಕಡೆಯ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದು ಕಾಣುತ್ತಿತ್ತು. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ ಆ ಬಿರುದಿನ ಜೊತೆಗೆ ಅಶೋಕನೆಂಬ ಹೆಸರೂ ಇದ್ದುದರಿಂದ ಆ ಅರಸನಾರೆಂಬುದು ಖಚಿತವಾಯಿತು. ತಂಬಾಕಿನ ಮಾತೂ ಅಂಥದೇ. ಬೀಡಿ, ಸಿಗರೇಟು, ಗುಟ್ಕಾ, ಕಡ್ಡಿಪುಡಿ, ವೇಪ್ ಎಂಬ ಬಿರುದುಗಳು ಎಷ್ಟಾದರೂ ಇರಲಿ, ಒಳಗಿರುವ ಅರಸು ಒಬ್ಬನೇ. ಅವನ ಹೆಸರು ನಿಕೋಟಿನ್.

1560ರ ಸುಮಾರಿಗೆ ಪೋರ್ಚುಗಲ್ಲಿನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಜಾನ್ ನಿಕೋ ಎಂಬಾತ ತನ್ನ ದೇಶಕ್ಕೆ ತಂಬಾಕನ್ನು ಕಳುಹಿಸಿಕೊಟ್ಟ. ಆ ಗಿಡಕ್ಕೂ ಅದರ ಸತ್ವಕ್ಕೂ ಅವನ ಹೆಸರೇ ನಿಂತಿತು. 1828ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಪೋಸೆಲ್ಟ್ ಮತ್ತು ರೈಮನ್ ಎಂಬಿಬ್ಬರು ಆ ಸತ್ವವನ್ನು ಎಲೆಯಿಂದ ಬೇರ್ಪಡಿಸಿದರು. ಗಿಡವು ಇದನ್ನು ತಯಾರಿಸಿಕೊಳ್ಳುವುದು ಮನುಷ್ಯನ ಸುಖಕ್ಕಾಗಿ ಅಲ್ಲ. ತನ್ನನ್ನು ತಿನ್ನಬರುವ ಹುಳುಗಳನ್ನು ಓಡಿಸುವುದಕ್ಕಾಗಿ. ತಂಬಾಕಿನ ಕಷಾಯವನ್ನು ಬೆಳೆಗೆ ಸಿಂಪಡಿಸುವ ಪದ್ಧತಿಯನ್ನು ಬಲ್ಲ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಮ್ಮ ಮಿದುಳಿನ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಕೆಲವು ರಾಸಾಯನಿಕಗಳನ್ನು ಬಳಸುತ್ತವೆ. ಅಂಥವುಗಳಲ್ಲಿ ಒಂದಾದ ಅಸಿಟೈಲ್‌ಕೋಲಿನ್ ಬಂದು ಕೂರಬೇಕಾದ ಪೀಠದ ಮೇಲೆ ನಿಕೋಟಿನ್ ಕೂರಬಲ್ಲದು. ಅದು ಕುಳಿತೊಡನೆ ಡೋಪಮಿನ್ ಎಂಬ ಮತ್ತೊಂದು ರಾಸಾಯನಿಕ ಬಿಡುಗಡೆಯಾಗುತ್ತದೆ. ಉಂಡಾಗ, ಗೆದ್ದಾಗ, ಮೆಚ್ಚುಗೆ ದೊರೆತಾಗ ಉಂಟಾಗುವ ತೃಪ್ತಿಯಲ್ಲಿ ಇದಕ್ಕೂ ಪಾಲಿದೆ. ಎದೆಬಡಿತ ತುಸು ಏರುತ್ತದೆ, ರಕ್ತದ ಒತ್ತಡ ಹೆಚ್ಚುತ್ತದೆ, ಗಮನ ಕ್ಷಣಕಾಲ ಚುರುಕಾದಂತೆ ತೋರುತ್ತದೆ. ಅಭ್ಯಾಸವಿಲ್ಲದವನಿಗಾದರೋ ತಲೆ ಸುತ್ತಿ, ಹೊಟ್ಟೆ ತೊಳಸಿ, ಮೈ ಬೆವರುತ್ತದೆ. ಮೊದಲ ಬೀಡಿಯ ಹೊಗೆಗೆ ಹುಡುಗರು ವಾಂತಿ ಮಾಡಿಕೊಳ್ಳುವುದು ಇದೇ ಕಾರಣದಿಂದ. ಅದು ದೇಹವು ಕೊಡುವ ಮೊದಲ ಎಚ್ಚರಿಕೆ.

ವಸ್ತು ಒಂದೇ ಆದರೂ ಅನುಭವ ಬೇರೆ ಬೇರೆಯಾಗುವುದು ಅದು ಹಿಡಿಯುವ ದಾರಿಯಿಂದ. ಎದೆಗೆ ಎಳೆದುಕೊಂಡ ಹೊಗೆ ಶ್ವಾಸಕೋಶದ ಕೋಟಿಗಟ್ಟಲೆ ಗಾಳಿಗೂಡುಗಳ ಮೇಲೆ ಹರಡುತ್ತದೆ. ಆ ಗೂಡುಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರಿನಷ್ಟು ವಿಸ್ತಾರವಾಗುತ್ತದೆ. ಅಲ್ಲಿಂದ ರಕ್ತಕ್ಕೆ, ರಕ್ತದಿಂದ ಹೃದಯಕ್ಕೆ, ಹೃದಯದಿಂದ ನೇರವಾಗಿ ಮಿದುಳಿಗೆ. ಈ ಪ್ರಯಾಣಕ್ಕೆ ಬೇಕಾದ ಕಾಲ 10ರಿಂದ 20 ಸೆಕೆಂಡು ಮಾತ್ರ. ಬಾಯಲ್ಲಿಟ್ಟುಕೊಂಡ ತಂಬಾಕಿನ ನಿಕೋಟಿನ್ ಕೆನ್ನೆಯ ಒಳಪೊರೆಯ ಮೂಲಕ ನಿಧಾನವಾಗಿ ಇಳಿಯುತ್ತದೆ. ರಕ್ತದಲ್ಲಿ ಅದರ ಮಟ್ಟ ತುದಿ ಮುಟ್ಟಲು ಅರ್ಧ ಗಂಟೆಯೇ ಹಿಡಿಯಬಹುದು, ಆದರೆ ಮುಟ್ಟಿದ ಮೇಲೆ ಬಹಳ ಹೊತ್ತು ನಿಲ್ಲುತ್ತದೆ. ಚರ್ಮದ ಮೂಲಕವೂ ಇದು ಒಳಹೋಗಬಲ್ಲದು. ಒದ್ದೆಯಾದ ಹಸಿರು ತಂಬಾಕಿನೆಲೆಯನ್ನು ದಿನವಿಡೀ ಕೊಯ್ಯುವ ಕೂಲಿಗಾರರಿಗೆ ಸೇದದೆಯೇ ತಲೆಸುತ್ತು, ವಾಕರಿಕೆ ಬರುವುದನ್ನು ವೈದ್ಯರು ಗುರುತಿಸಿದ್ದಾರೆ. ಸುಖವೆಂಬುದು ಏಕಾಏಕಿ ಬಂದಷ್ಟೂ ಮಿದುಳು ಅದನ್ನು ಬಲವಾಗಿ ನೆನಪಿಟ್ಟುಕೊಳ್ಳುತ್ತದೆ. ಸೇದುವ ಚಟ ಬಿಡಿಸಲು ಅಷ್ಟು ಕಷ್ಟವಾಗುವುದು ಈ ವೇಗದಿಂದಲೇ.

ಇಲ್ಲಿ ಸುಣ್ಣದ ಪಾತ್ರವನ್ನು ಗಮನಿಸಬೇಕು. ನಿಕೋಟಿನ್ ಹುಳಿಯ ಸಹವಾಸದಲ್ಲಿದ್ದಾಗ ಲವಣವಾಗಿ ಕಟ್ಟಿಕೊಂಡಿರುತ್ತದೆ, ಬಾಯಿಯ ಪೊರೆಯನ್ನು ಸುಲಭವಾಗಿ ದಾಟಲಾರದು. ಕ್ಷಾರದ ಸಹವಾಸದಲ್ಲಿ ಆ ಕಟ್ಟು ಬಿಚ್ಚಿ ಸ್ವತಂತ್ರವಾಗುತ್ತದೆ. ಸುಣ್ಣವು ಕ್ಷಾರ. ಅಂಗೈಯಲ್ಲಿ ತಂಬಾಕು ತಿಕ್ಕುವ ನಮ್ಮ ಹಿರಿಯರು ರಸಾಯನಶಾಸ್ತ್ರ ಓದಿದವರಲ್ಲ. ಆದರೆ ಸುಣ್ಣ ಹಚ್ಚಿದರೆ 'ಏರುತ್ತದೆ' ಎಂಬುದನ್ನು ಅವರು ಅನುಭವದಿಂದ ಕಂಡುಕೊಂಡಿದ್ದರು. ಸ್ವತಂತ್ರವಾದ ನಿಕೋಟಿನ್ನಿಗೆ ಖಾರವೂ ಹೆಚ್ಚು. ಬಾಯಿ ಅದನ್ನು ಹೇಗೋ ತಾಳಿಕೊಳ್ಳುತ್ತದೆ, ಗಂಟಲು ತಾಳಿಕೊಳ್ಳಲಾರದು. ಆದ್ದರಿಂದಲೇ ಸಿಗರೇಟಿಗೆ ಬಳಸುವ ತಂಬಾಕನ್ನು ಅದರ ಹೊಗೆ ತುಸು ಹುಳಿಯಾಗಿರುವಂತೆ ಹದಗೊಳಿಸುತ್ತಾರೆ. ಹುಳಿಯಾದ ಹೊಗೆ ಎದೆಗೆ ಸಲೀಸಾಗಿ ಇಳಿಯುತ್ತದೆ. ಒಳಗಿನ ವಿಸ್ತಾರ ದೊಡ್ಡದಾದ್ದರಿಂದ ಅಲ್ಲಿ ಹೀರಿಕೆಗೆ ಅಡ್ಡಿಯಾಗುವುದಿಲ್ಲ.

ಇಷ್ಟು ತಿಳಿದ ಮೇಲೆ ಇ-ಸಿಗರೇಟಿನ ಕಥೆ ಸುಲಭವಾಗುತ್ತದೆ. ಇದನ್ನು ಇಂದಿನ ರೂಪದಲ್ಲಿ 2003ರಲ್ಲಿ ರೂಪಿಸಿದವನು ಚೀನದ ಔಷಧತಜ್ಞ ಹೊನ್ ಲಿಕ್. ತಾನೂ ವಿಪರೀತವಾಗಿ ಸಿಗರೇಟು ಸೇದುತ್ತಿದ್ದವನು. ಒಂದು ಬ್ಯಾಟರಿ, ಕಾಯುವ ಒಂದು ತಂತಿ, ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್ ದ್ರವದಲ್ಲಿ ಕರಗಿಸಿದ ನಿಕೋಟಿನ್, ಒಂದಿಷ್ಟು ಪರಿಮಳ. ಇದಿಷ್ಟೇ ಅದರ ಒಡಲು. ಎಳೆದಾಗ ದ್ರವ ಕಾದು ಸಣ್ಣ ಹನಿಗಳ ಮಂಜಾಗುತ್ತದೆ. ನಾವು ಆವಿ ಎನ್ನುವುದು ವಾಸ್ತವವಾಗಿ ಈ ಮಂಜನ್ನೇ.

ಮೊದಮೊದಲ ಉಪಕರಣಗಳಲ್ಲಿ ಇದ್ದದ್ದು ಸ್ವತಂತ್ರ ನಿಕೋಟಿನ್. ಪ್ರಮಾಣ ಹೆಚ್ಚಿಸಿದರೆ ಗಂಟಲು ಉರಿಯುತ್ತಿತ್ತು, ಕಡಿಮೆ ಮಾಡಿದರೆ ಸಿಗರೇಟಿನವನಿಗೆ ತೃಪ್ತಿಯಾಗುತ್ತಿರಲಿಲ್ಲ. ಅದನ್ನು ಹಿಡಿದವರಲ್ಲಿ ಅನೇಕರು ಸಪ್ಪೆಯೆಂದು ಬಿಸಾಡಿದರು. 2015ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಜೂಲ್ ಎಂಬ ಉಪಕರಣದಲ್ಲಿ ಈ ತೊಡಕನ್ನು ನಿವಾರಿಸಲು ಬೆಂಜೋಯಿಕ್ ಆಮ್ಲವನ್ನು ಸೇರಿಸಿ ನಿಕೋಟಿನ್ನನ್ನು ಲವಣವಾಗಿಸಿದರು. ನಮ್ಮ ಸುಣ್ಣದ ಯುಕ್ತಿಯನ್ನು ತಿರುವುಮುರುವು ಮಾಡಿದಂತಾಯಿತು. ಹುಳಿ ಬೆರೆತೊಡನೆ ಖಾರ ಅಡಗಿತು. ಐರೋಪ್ಯ ಒಕ್ಕೂಟ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂ ಎಂದು ಮಿತಿ ಹಾಕಿದ್ದರೆ, ಅಮೆರಿಕದಲ್ಲಿ ಅದರ ಎರಡು ಪಟ್ಟಿಗೂ ಮೀರಿದ ನಿಕೋಟಿನ್ ಗಂಟಲಿಗೆ ಗೊತ್ತಾಗದಂತೆ ಎದೆಗಿಳಿಯತೊಡಗಿತು.

ಈಗ ಎರಡು ಅನುಭವಗಳನ್ನು ಎದುರುಬದುರು ಇಟ್ಟು ನೋಡಬಹುದು. ಸಿಗರೇಟಿನ ಹೊಗೆ ಬಿಸಿ, ಒಗರು, ಗಂಟಲಿಗೆ ಒಂದು ಪೆಟ್ಟು ಕೊಟ್ಟು ಒಳಗಿಳಿಯುತ್ತದೆ. ತಲೆಗೆ ಥಟ್ಟನೆ ಏರಿ ಥಟ್ಟನೆ ಇಳಿಯುತ್ತದೆ. ಆವಿಯದು ತಂಪಾದ, ಸಿಹಿಯಾದ, ನುಣುಪಾದ ಎಳೆತ. ಹಳೆಯ ಬಗೆಯದಾದರೆ ಏರುವುದು ನಿಧಾನ. ಲವಣದ ಬಗೆಯದಾದರೆ ಸಿಗರೇಟಿಗೆ ಹೆಚ್ಚುಕಡಿಮೆ ಸಮಾನ. ಆದರೂ ಬಹುಕಾಲ ಸಿಗರೇಟು ಸೇದಿದವರು ಇದರಲ್ಲಿ 'ಏನೋ ಕೊರತೆ' ಎನ್ನುವುದುಂಟು. ಅದು ಬರಿಯ ಭ್ರಮೆಯಲ್ಲ. ತಂಬಾಕಿನ ಹೊಗೆಯಲ್ಲಿರುವ ಬೇರೆ ಕೆಲವು ವಸ್ತುಗಳು ಮಿದುಳಿನಲ್ಲಿ ಡೋಪಮಿನ್ನನ್ನು ಕರಗಿಸುವ ಕಿಣ್ವವನ್ನು ಕುಗ್ಗಿಸಿ ನಿಕೋಟಿನ್ನಿನ ಹಿಡಿತಕ್ಕೆ ಒತ್ತಾಸೆಯಾಗುತ್ತವೆ. ಆವಿಯಲ್ಲಿ ಅವಿಲ್ಲ. ಕಡ್ಡಿ ಗೀರುವುದು, ಬೂದಿ ಕೊಡವುವುದು, ಚಹದ ಜೊತೆಗಿನ ಆ ವಾಸನೆ, ಇವೂ ಚಟದ ಅಂಗಗಳೇ.

ಇನ್ನೊಂದು ಭೇದ ಮೇಲುನೋಟಕ್ಕೆ ಕಾಣುವುದಿಲ್ಲ, ಆದರೆ ಬಹಳ ಮುಖ್ಯವಾದದ್ದು. ಸಿಗರೇಟಿಗೆ ಕೊನೆಯೆಂಬುದುಂಟು. ಹತ್ತು ಹನ್ನೆರಡು ದಮ್ಮು ಎಳೆದರೆ ಅದು ಉರಿದು ಮುಗಿಯುತ್ತದೆ. ಅಷ್ಟರಲ್ಲಿ ದೇಹಕ್ಕೆ ಸೇರುವುದು ಸುಮಾರು ಒಂದರಿಂದ ಒಂದೂವರೆ ಮಿಲಿಗ್ರಾಂ ನಿಕೋಟಿನ್. ಮತ್ತೊಂದು ಬೇಕಾದರೆ ಎದ್ದು ಹೊರಗೆ ಹೋಗಬೇಕು, ಇನ್ನೊಂದನ್ನು ಹಚ್ಚಬೇಕು, ದುಡ್ಡು ಎಣಿಸಬೇಕು. ದಿನಕ್ಕೆ ಎಷ್ಟಾಯಿತೆಂಬ ಲೆಕ್ಕ ಅವನಿಗೂ ಮನೆಯವರಿಗೂ ಸಿಗುತ್ತದೆ. ವೇಪಿಗೆ ಆ ಕೊನೆಯಿಲ್ಲ. ಹೊದಿಕೆಯೊಳಗೆ ಮಲಗಿ ಎಳೆಯಬಹುದು, ಓದುತ್ತ ಎಳೆಯಬಹುದು. ವಾಸನೆ ಹತ್ತುವುದಿಲ್ಲ, ಬೂದಿ ಬೀಳುವುದಿಲ್ಲ, ಲೆಕ್ಕವೂ ಉಳಿಯುವುದಿಲ್ಲ.

ಸೇದಿದಾಗ ಸಿಗುವ ನೆಮ್ಮದಿ ಎಂಥದೆಂಬುದನ್ನೂ ವಿಚಾರಿಸಬೇಕು. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಅಭ್ಯಾಸವಾದ ಮಿದುಳಿಗೆ ಅದು ಇಳಿದಂತೆ ಚಡಪಡಿಕೆ, ಸಿಡುಕು, ಮರೆವು. ಬೆಳಗಿನ ಮೊದಲ ಸಿಗರೇಟು ಅಷ್ಟು ರುಚಿಸುವುದು ರಾತ್ರಿಯೆಲ್ಲ ಉಪವಾಸವಿದ್ದ ಕಾರಣಕ್ಕೆ. ಸೇದಿದವನಿಗೆ ದೊರೆಯುವ ಶಾಂತಿಯ ಬಹುಪಾಲು, ಹಿಂದಿನ ಸಿಗರೇಟು ಹುಟ್ಟಿಸಿದ ಅಶಾಂತಿಗೆ ಮುಂದಿನದು ಕೊಡುವ ಬಿಡುವು. ಸಾಲ ತೀರಿಸಲು ಮತ್ತೆ ಸಾಲ ಮಾಡಿದಂತೆ. ಹೊಗೆಯಾದರೂ ಅಷ್ಟೆ, ಆವಿಯಾದರೂ ಅಷ್ಟೆ.

ಹಾಗೆಂದು ಹಾನಿಯೂ ಎರಡರಲ್ಲಿ ಸಮವೆ? ಅಲ್ಲ. ಇದನ್ನು ಪ್ರಾಮಾಣಿಕವಾಗಿ ಹೇಳಬೇಕು. ಎಲೆ ಉರಿದಾಗ ಸಾವಿರಾರು ರಾಸಾಯನಿಕಗಳು ಹುಟ್ಟುತ್ತವೆ. ಅವುಗಳಲ್ಲಿ ಸುಮಾರು 70 ಕ್ಯಾನ್ಸರಿಗೆ ಕಾರಣವಾಗುವಂಥವು. ಇಂಗಾಲದ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕಬಳಿಸುತ್ತದೆ. ಜನರು ಸೇದುವುದು ನಿಕೋಟಿನ್ನಿಗಾಗಿ, ಸಾಯುವುದು ಮಾತ್ರ ಟಾರಿನಿಂದ ಎಂಬ ಅಭಿಪ್ರಾಯವನ್ನು ಬ್ರಿಟನ್ನಿನ ಮನೋವೈದ್ಯ ಮೈಕೆಲ್ ರಸಲ್ 1976ರಲ್ಲೇ ಮುಂದಿಟ್ಟಿದ್ದ. ಉರಿಯುವಿಕೆ ಇಲ್ಲದ ಆವಿಯಲ್ಲಿ ಈ ವಿಷಗಳು ಬಹಳ ಕಡಿಮೆ. ಬ್ರಿಟನ್ನಿನಲ್ಲಿ ಸಿಗರೇಟು ಬಿಡಲು ಬಯಸುವ ವಯಸ್ಕರಿಗೆ ವೈದ್ಯರು ಇದನ್ನು ಸೂಚಿಸುವುದೂ ಉಂಟು.

ಆದರೆ ಕಡಿಮೆ ಎಂದರೆ ಇಲ್ಲವೆಂದಲ್ಲ. 2019ರಲ್ಲಿ ಅಮೆರಿಕದಲ್ಲಿ ಕಳ್ಳಸಂತೆಯ ದ್ರವ ಎಳೆದವರ ಶ್ವಾಸಕೋಶ ಕೆಟ್ಟು, 2020ರ ಫೆಬ್ರವರಿಯ ವೇಳೆಗೆ 2,807 ಮಂದಿ ಆಸ್ಪತ್ರೆ ಸೇರಿದರು, 68 ಮಂದಿ ಸತ್ತರು. ಗಾಂಜಾದ ಸತ್ವವಿದ್ದ ದ್ರವಗಳಿಗೆ ಬೆರೆಸಿದ್ದ ಇ ಜೀವಸತ್ವದ ಎಣ್ಣೆ ಅದಕ್ಕೆ ಮುಖ್ಯ ಕಾರಣವೆಂದು ತಿಳಿದುಬಂತು. ಅಂಗಡಿಯ ಹಿಂಬಾಗಿಲಿನಿಂದ ಬಂದದ್ದರೊಳಗೆ ಏನಿದೆಯೆಂದು ಕೊಳ್ಳುವವನಿಗೆ ತಿಳಿಯದು ಎಂಬುದು ಅದರ ಪಾಠ.

'ಹೊಗೆಯಿಲ್ಲ, ಆದ್ದರಿಂದ ಅಪಾಯವಿಲ್ಲ' ಎಂಬ ವಾದ ನಮ್ಮ ದೇಶಕ್ಕೆ ಹೊಸದೂ ಅಲ್ಲ. ಹೊಗೆಯಿಲ್ಲದ ತಂಬಾಕನ್ನು ನಾವು ತಲೆಮಾರುಗಳಿಂದ ಜಗಿದಿದ್ದೇವೆ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸೇದುವವರು ನೂರಕ್ಕೆ 10.7, ಹೊಗೆಯಿಲ್ಲದ ತಂಬಾಕು ಬಳಸುವವರು 21.4. ಇದರ ಫಲ ಬಾಯಿಯ ಕ್ಯಾನ್ಸರ್ ವಾರ್ಡುಗಳಲ್ಲಿ ಕಾಣುತ್ತದೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದ ಮೇಲೆ ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಬಂದು ಗಿರಾಕಿಯ ಬಾಯಲ್ಲಿ ಒಂದಾದವು. ಬೀಡಿ ಬಿಟ್ಟೆನೆಂದು ಗುಟ್ಕಾ ಹಿಡಿದವನು ಬಿಟ್ಟದ್ದು ಹೊಗೆಯನ್ನು ಮಾತ್ರ.

ಇ-ಸಿಗರೇಟಿನ ಮಾರಾಟವನ್ನು ಕರ್ನಾಟಕ 2016ರಲ್ಲಿಯೇ ತಡೆದಿತ್ತು. 2019ರ ಕೇಂದ್ರ ಕಾಯಿದೆ ಅದರ ತಯಾರಿಕೆ, ಆಮದು, ಮಾರಾಟ, ಸಾಗಾಟ, ಸಂಗ್ರಹ, ಜಾಹೀರಾತು ಎಲ್ಲವನ್ನೂ ದೇಶದಾದ್ಯಂತ ನಿಷೇಧಿಸಿದೆ. ಮೊದಲ ಸಲ ಮಾರಿದವನಿಗೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.

ಹಾಗಾದರೆ ಬಿಡಬಯಸುವವನಿಗೆ ದಾರಿಯೇನು? ದಾರಿಯಿದೆ, ಅದು ಕಾನೂನಿನ ಒಳಗೇ ಇದೆ. ಔಷಧದ ಅಂಗಡಿಯಲ್ಲಿ ನಿಕೋಟಿನ್ ಗಮ್ ದೊರೆಯುತ್ತದೆ. ಅದು ಕೊಡುವುದೂ ಅದೇ ನಿಕೋಟಿನ್ನನ್ನೇ. ಆದರೆ ಹೊಗೆಯಿಲ್ಲದೆ, ಮೆಲ್ಲಗೆ, ದಿನದಿನಕ್ಕೆ ಇಳಿಸಿಕೊಂಡು ಹೋಗುವಂತೆ. ಅದನ್ನು ಚೂಯಿಂಗ್ ಗಮ್ಮಿನಂತೆ ಒಂದೇ ಸಮನೆ ಅಗಿಯಬಾರದು. ನಾಲ್ಕಾರು ಸಲ ಕಡಿದು, ನಾಲಿಗೆ ಚುರುಗುಟ್ಟಿದೊಡನೆ ಕೆನ್ನೆ ಒಸಡುಗಳ ನಡುವೆ ಇರಿಸಬೇಕು. 1800-112-356 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಹಣವಿಲ್ಲದೆ ಕರೆ ಮಾಡಿ ಸಲಹೆ ಪಡೆಯಬಹುದು. ಬಿಟ್ಟ ಎರಡನೆಯ, ಮೂರನೆಯ ದಿನಗಳೇ ಅತಿ ಕಠಿಣ; ಮೂರು ನಾಲ್ಕು ವಾರಗಳಲ್ಲಿ ಚಡಪಡಿಕೆ ಬಹುಮಟ್ಟಿಗೆ ಅಡಗುತ್ತದೆ. ಒಂದೊಂದು ಸಲ ಎದ್ದುಬರುವ ಆಸೆಯ ಅಲೆ ನಿಲ್ಲುವುದು ಕೆಲವೇ ನಿಮಿಷ. ಒಂದು ಲೋಟ ನೀರು, ನಾಲ್ಕು ಹೆಜ್ಜೆ ನಡಿಗೆ, ಯಾರೊಡನೆಯಾದರೂ ಎರಡು ಮಾತು. ಅಷ್ಟರಲ್ಲಿ ಅಲೆ ದಾಟಿರುತ್ತದೆ.

ಎಂದೂ ಸೇದದ ತರುಣನಿಗೆ ಹೇಳಬೇಕಾದದ್ದು ಇನ್ನೂ ಸರಳ. ಗಂಟಲಿನ ಕೆಮ್ಮು ನಮ್ಮ ದೇಹದ ಬಾಗಿಲಲ್ಲಿ ನಿಂತ ಕಾವಲುಗಾರ. ಕಾವಲುಗಾರ ಸುಮ್ಮನಿದ್ದಾನೆಂದರೆ ಬಂದವನು ಸಜ್ಜನನೆಂದು ಅರ್ಥವಲ್ಲ. ಒಳಗೆ ಬಿಡಿಸಿಕೊಳ್ಳಲು ಅವನ ಬಾಯಿಗೆ ಸಿಹಿ ಹಾಕಿರಲೂಬಹುದು.