ಹಾರೋಬೆಲೆಯ ‘ಮಹಿಮೆ’

ಏಸುವಿನ ಕಥೆಯನ್ನು ಗೊತ್ತಿಲ್ಲದವರ ಮುಂದೆ ಹೇಗೆ ಹೇಳುವುದು? ಕನಕಪುರ ಸೀಮೆಯಲ್ಲಿ ಇದಕ್ಕೆ ಸಿಕ್ಕ ಉತ್ತರ ಭಾಷಣವಲ್ಲ, ನಾಟಕ.

ಅರ್ಕಾವತಿಯ ಜಲಾಶಯದಿಂದ ಹೆಸರಾದ ಹಾರೋಬೆಲೆ ಕ್ಯಾಥೋಲಿಕರೇ ಹೆಚ್ಚಾಗಿರುವ ಊರು. ತಮ್ಮ ಹಿರಿಯರು ಕ್ರೈಸ್ತರಾದದ್ದು ನೂರಾರು ವರ್ಷಗಳ ಹಿಂದೆ ಎಂದು ಇಲ್ಲಿನವರು ಹೇಳುತ್ತಾರೆ. ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ಬುನಾದಿ ಹಾಕಿದ್ದು 1649ರ ಸುಮಾರಿಗೆ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ. ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿ ಹಾಕಿಕೊಟ್ಟ ದಾರಿಯಲ್ಲೇ ಈ ಮಿಷನ್ನಿನ ಪಾದ್ರಿಗಳೂ ಕಾವಿ ಉಟ್ಟರು, ಮಾಂಸ ಬಿಟ್ಟರು, ಕನ್ನಡ ಕಲಿತರು. ಕೇಳುವವರಂತೆ ಬಾಳದೆ ಹೇಳುವ ಮಾತಿಗೆ ಬೆಲೆಯಿಲ್ಲ ಎಂಬುದು ಅವರಿಗೆ ತಿಳಿದಿತ್ತು. 1799ರ ನಂತರ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಹಿಂದೂಗಳ ಉಡುಗೆಯಲ್ಲೇ ಎರಡು ದಶಕಕ್ಕೂ ಮಿಕ್ಕಿ ದುಡಿದು, ಕೊನೆಗೆ ಹಿಂದೂಗಳನ್ನು ಮತಾಂತರಿಸುವುದು ಆಗದ ಮಾತು ಎಂದು ಬರೆದು 1823ರಲ್ಲಿ ಊರಿಗೆ ಮರಳಿದ. ಅವನ ನಿರಾಶೆ ತುಸು ಅವಸರದ್ದೇ ಇರಬೇಕು.

ಅತ್ತ 1820ರ ದಶಕದಿಂದ ವೆಸ್ಲಿಯನ್ ಪ್ರೊಟೆಸ್ಟೆಂಟರು ಮೈಸೂರು ಸೀಮೆಯ ಸಂತೆ, ಜಾತ್ರೆಗಳಲ್ಲಿ ನಿಂತು ಉಪದೇಶ ಮಾಡುತ್ತ, ಕಿರುಪುಸ್ತಕ ಹಂಚುತ್ತ ಬಂದರು. ಸಂತೆಗೆ ಬಂದವನಿಗೆ ಎತ್ತಿನ ವ್ಯಾಪಾರದ ನಡುವೆ ಎಷ್ಟು ಕೇಳಿಸಿತೋ!

ಹಾರೋಬೆಲೆಯ ದಾರಿ ಬೇರೆ. ಏಸುವಿನ ಯಾತನೆ, ಮರಣದ ಕಥೆ ಹೇಳುವ, ಶತಮಾನ ದಾಟಿದ ಇಲ್ಲಿನ ‘ಮಹಿಮೆ’ ನಾಟಕ ತಪಸ್ಸು ಕಾಲದ ಕೊನೆಗೆ, ಶುಭ ಶುಕ್ರವಾರದ ಹೊತ್ತಿನಲ್ಲಿ ಬಯಲು ರಂಗಕ್ಕೆ ಏರುತ್ತದೆ. ಪಾತ್ರಧಾರಿಗಳು ಊರವರೇ. ಜರ್ಮನಿಯ ಓಬರಾಮರ್ಗೌ ಹಳ್ಳಿ 1634ರಿಂದ ಆಡುತ್ತಿರುವ ಇಂಥದೇ ನಾಟಕಕ್ಕೆ ಜಗತ್ತಿನ ಪ್ರವಾಸಿಗರು ಟಿಕೆಟ್ ಕೊಳ್ಳುತ್ತಾರೆ, ಅದೂ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ. ಇಲ್ಲಿ ನೋಡಲು ಬರುವುದು ಸುತ್ತಲ ಊರಿನವರು, ಹಿಂದೂಗಳೂ ಸೇರಿ. ‘ಕುರುಕ್ಷೇತ್ರ’ ನಾಟಕಕ್ಕೆ ರಾತ್ರಿಯಿಡೀ ಕೂತು ಅಭ್ಯಾಸವಾದ ಈ ಸೀಮೆಯ ಪ್ರೇಕ್ಷಕನಿಗೆ ಏಸುವಿಗೆ ಮರಣದಂಡನೆ ಕೊಟ್ಟ ಪಿಲಾತನ ಆಸ್ಥಾನವೂ ಪರಕೀಯವಲ್ಲ, ಕೌರವನ ಸಭೆ ನೋಡಿದ ಕಣ್ಣದು. ಧರ್ಮ ಬದಲಿಸು ಎಂದು ಯಾರೂ ಕೇಳದ ಕಡೆ ಕಥೆ ಕೇಳುವ ಮನಸ್ಸು ತಾನಾಗಿ ತೆರೆದುಕೊಳ್ಳುತ್ತದೆ ಎಂಬುದು ನನ್ನ ಗುಮಾನಿ.

ಪಕ್ಕದ ಕಪಾಲಬೆಟ್ಟದ ಕಥೆ ಹೀಗಾಗಲಿಲ್ಲ. ಊರ ಕ್ರೈಸ್ತರು ಪ್ರಾರ್ಥನೆಗೆ ಹೋಗುತ್ತಿದ್ದ ಆ ಬೆಟ್ಟದ ಮೇಲೆ 114 ಅಡಿಯ ಏಸು ಪ್ರತಿಮೆಗೆ 2019ರ ಕ್ರಿಸ್‌ಮಸ್ ದಿನ ಶಾಸಕ ಡಿ.ಕೆ. ಶಿವಕುಮಾರ್ ಶಂಕುಸ್ಥಾಪನೆ ಮಾಡಿದರು. ಹತ್ತು ಎಕರೆ ಗೋಮಾಳ ಪ್ರತಿಮೆ ಕಟ್ಟುವ ಟ್ರಸ್ಟಿಗೆ ಮಂಜೂರಾದದ್ದರ ಬಗ್ಗೆ ತಕರಾರು ಎದ್ದಿತು. 2020ರ ಜನವರಿ 13ರಂದು ಪ್ರತಿಮೆ ವಿರೋಧಿಸಿ ‘ಕನಕಪುರ ಚಲೋ’ ಮೆರವಣಿಗೆ ಹೊರಟಿತು. ಮುಂಚೂಣಿಯಲ್ಲಿ ಆರೆಸ್ಸೆಸ್ ಮುಖಂಡ ಕಲ್ಲಡ್ಕ ಪ್ರಭಾಕರ ಭಟ್. ಮತಾಂತರದ ಮಾತು ಬೀದಿಗೆ ಬಂತು. ತಲೆಮಾರುಗಳಿಂದ ಒಂದೇ ಕೆರೆ ನೀರು ಕುಡಿದ ಊರುಗಳಲ್ಲಿ ಯಾರು ಯಾವ ದೇವರನ್ನು ಯಾವಾಗಿನಿಂದ ಪೂಜಿಸುತ್ತಾರೆ ಎಂದು ಲೆಕ್ಕ ಕೇಳುವ ಕಾಲ ಅದು. ಪ್ರತಿಮೆ, ಜಮೀನು, ರಾಜಕೀಯ ಇವುಗಳ ಸುತ್ತಲೇ ಜಗಳ ಸುತ್ತಿತು. ‘ಮಹಿಮೆ’ಯ ರಂಗದತ್ತ ಅದು ತಿರುಗಲಿಲ್ಲ.