ಹರಿಗೋಲು ಕಲಿಸುವ ಪಾಠ

ಬೇಸಿಗೆಯ ರಜೆ ಬಂದಿತೆಂದರೆ ಮಕ್ಕಳ ಮನಸ್ಸು ನೀರಿನತ್ತ ಓಡುತ್ತದೆ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು, ಕಾವೇರಿಯ ಹೊಗೇನಕಲ್ಲು, ತುಂಗಭದ್ರೆಯ ದಡದ ಹಂಪೆ ಮೊದಲಾದ ಸ್ಥಳಗಳಿಗೆ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊರಡುವುದುಂಟು. ಅರ್ಧ ಗಂಟೆಯ ದೋಣಿವಿಹಾರವು ಮಗುವಿನ ನೆನಪಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಈ ಆನಂದವು ನಿರಪಾಯವಾಗಿರಬೇಕಾದರೆ ದೋಣಿಯು ಏಕೆ ತೇಲುತ್ತದೆ, ಏಕೆ ಮಗುಚುತ್ತದೆ ಎಂಬುದನ್ನು ಜೊತೆಯಲ್ಲಿರುವ ಹಿರಿಯರು ಅರಿತಿರುವುದು ಅವಶ್ಯ.

ನಮ್ಮ ನಾಡಿನ ಹರಿಗೋಲನ್ನೇ ನೋಡೋಣ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು, ಬುಟ್ಟಿಯಂತೆ ದುಂಡಾದ, ಚರ್ಮ ಹೊದಿಸಿದ ದೋಣಿಗಳಲ್ಲಿ ಜನರು ಹೊಳೆ ದಾಟಿ ಆನೆಗೊಂದಿಗೆ ಹೋಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಒಂದೊಂದರಲ್ಲಿ 15-20 ಜನರು ಹಿಡಿಸುತ್ತಿದ್ದರಂತೆ. ಬಿದಿರಿನ ಹೆಣಿಗೆಯ ಈ ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಆದಕಾರಣ ಅದು ಸುಲಭವಾಗಿ ಗಿರಗಿರನೆ ತಿರುಗುತ್ತದೆ. ಆದರೆ ಅದರ ತಳ ಅಗಲ. ಕುಳಿತವರು ತಳಕ್ಕೆ ಅಂಟಿಕೊಂಡಂತೆ ತಗ್ಗಿನಲ್ಲಿ ಕುಳಿತಿರುತ್ತಾರೆ. ಅದರ ಸ್ಥಿರತೆಯ ಗುಟ್ಟು ಇಷ್ಟೇ.

ತೇಲುವ ದೋಣಿಯ ಮೇಲೆ ಎರಡು ಬಲಗಳು ವರ್ತಿಸುತ್ತವೆ. ಭಾರವು ಗುರುತ್ವಕೇಂದ್ರದ ಮೂಲಕ ಕೆಳಕ್ಕೆ ಎಳೆಯುತ್ತದೆ. ನೀರು ಅಷ್ಟೇ ಬಲದಿಂದ ಮೇಲಕ್ಕೆ ಒತ್ತುತ್ತದೆ. ದೋಣಿ ಒಂದು ಮಗ್ಗುಲಿಗೆ ವಾಲಿದಾಗ ಆ ಮಗ್ಗುಲು ಹೆಚ್ಚು ಮುಳುಗುವುದರಿಂದ ನೀರಿನ ಒತ್ತೂ ಅತ್ತಲೇ ಸರಿದು, ದೋಣಿಯನ್ನು ಮರಳಿ ನೆಟ್ಟಗೆ ನಿಲ್ಲಿಸುತ್ತದೆ. ಆದರೆ ಜನರು ಎದ್ದು ನಿಂತರೆ ಗುರುತ್ವಕೇಂದ್ರವು ಮೇಲೇರುತ್ತದೆ. ಎಲ್ಲರೂ ಒಂದೇ ಕಡೆಗೆ ಧಾವಿಸಿದರೆ ಅದೂ ಅತ್ತಲೇ ಸರಿಯುತ್ತದೆ. ಆಗ ನೀರಿನ ಒತ್ತು ಸೋಲುತ್ತದೆ, ದೋಣಿ ಮಗುಚುತ್ತದೆ.

ಇದು ಕೇವಲ ಪಠ್ಯಪುಸ್ತಕದ ಮಾತಲ್ಲ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಎರಡಂತಸ್ತಿನ ವಿಹಾರದೋಣಿಯೊಂದು ಮಗುಚಿ 45 ಮಂದಿ ಪ್ರಾಣ ತೆತ್ತರು. ದಡದ ಕಾಡುಮೃಗಗಳನ್ನು ನೋಡಲು ಪ್ರಯಾಣಿಕರು ಒಂದೇ ಮಗ್ಗುಲಿಗೆ ಸರಿದರೆಂದು ಆಗ ವರದಿಯಾಯಿತು. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ, ಶಾಲೆಯ ಪ್ರವಾಸಕ್ಕೆ ಬಂದಿದ್ದ 12 ಮಕ್ಕಳೂ ಇಬ್ಬರು ಶಿಕ್ಷಕಿಯರೂ ನೀರುಪಾಲಾದರು. ದೋಣಿಯಲ್ಲಿ ಮಿತಿಮೀರಿ ಜನರಿದ್ದರು. ಎಲ್ಲರಿಗೂ ಲೈಫ್ ಜಾಕೆಟ್ ಇರಲಿಲ್ಲ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ನಮ್ಮಂಥ ಶಿಕ್ಷಕರು ಇದನ್ನು ಮರೆಯುವಂತಿಲ್ಲ.

ಆದುದರಿಂದ ಹತ್ತುವ ಮುನ್ನ ದೋಣಿಯಲ್ಲಿ ಎಷ್ಟು ಜನರಿಗೆ ಅನುಮತಿಯಿದೆಯೆಂದು ಕೇಳಬೇಕು. ಹೆಚ್ಚು ಜನರಿದ್ದರೆ ಮುಂದಿನ ದೋಣಿಗೆ ಕಾಯಬೇಕು. ಲೈಫ್ ಜಾಕೆಟ್ಟನ್ನು ದಡದಲ್ಲಿಯೇ ಧರಿಸಿ ಪಟ್ಟಿಗಳನ್ನು ಬಿಗಿಯಬೇಕು. ಮಗುಚಿದ ಮೇಲೆ ಅದನ್ನು ಹುಡುಕಲು ವೇಳೆಯಿರುವುದಿಲ್ಲ. ದೊಡ್ಡವರ ಜಾಕೆಟ್ಟು ಮಗುವಿನ ಮೈಯಿಂದ ಜಾರಿಹೋಗುವುದರಿಂದ ಮಕ್ಕಳಿಗೆ ಅವರ ಅಳತೆಯದೇ ಬೇಕು. ಭಾವಚಿತ್ರಕ್ಕಾಗಿ ಯಾರೂ ಎದ್ದು ನಿಲ್ಲಬಾರದು. ದೋಣಿ ಮಗುಚಿದರೂ ಅದು ತೇಲುತ್ತಿದ್ದರೆ ದೂರದ ದಡಕ್ಕೆ ಈಜುವುದಕ್ಕಿಂತ ಅದನ್ನೇ ಹಿಡಿದುಕೊಂಡಿರುವುದು ಲೇಸು. ದಡದಲ್ಲಿ ಆಡುವಾಗಲೂ ಎಚ್ಚರ ಬೇಕು. ಬೇಸಿಗೆಯ ಹೊಳೆ ಬತ್ತಿದಂತೆ ಕಂಡರೂ ಮರಳು ತೆಗೆದ ಗುಂಡಿಗಳಿರುತ್ತವೆ. ಅಣೆಕಟ್ಟಿನಿಂದ ನೀರು ಬಿಟ್ಟಾಗ ಮಟ್ಟವು ಹಠಾತ್ತನೆ ಏರುತ್ತದೆ.

ಎಲ್ಲಕ್ಕೂ ಮಿಗಿಲಾಗಿ ಅಂಬಿಗನ ಮಾತಿಗೆ ಬೆಲೆ ಕೊಡಬೇಕು. 12ನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನವರು ದೋಣಿ ನಡೆಸುವ ಕಾಯಕದವರೇ ಆಗಿದ್ದರು. ಹೊಳೆಯ ಆಳ, ಸೆಳವು, ಸುಳಿಗಳನ್ನು ಬಲ್ಲವನು “ಕುಳಿತುಕೊಳ್ಳಿ” ಎಂದಾಗ, ಎಷ್ಟೇ ವಿದ್ಯಾವಂತರಾದರೂ ಕುಳಿತುಕೊಳ್ಳುವುದೇ ವಿವೇಕ. ನೀರಿನ ಭಯವನ್ನು ಮಕ್ಕಳಲ್ಲಿ ತುಂಬುವುದು ನಮ್ಮ ಉದ್ದೇಶವಲ್ಲ. ನೀರಿನ ನಿಯಮವನ್ನು ಕಲಿಸಿದರೆ ಅವರು ನಲಿಯುತ್ತ ಹೋಗಿ ಕ್ಷೇಮವಾಗಿ ಮನೆಗೆ ಮರಳುತ್ತಾರೆ.